‘ನಾಲ್ಕು ದಿನ ಊರು ಬಿಡು’ ಎನ್ನುವ ಸಲಹೆ

ಗಲಾಟೆ ನಡೆದ ಮರುದಿನ ನಮ್ಮ ಕಡೆ ಹಿರಿಯರು ಗಂಡುಹುಡುಗರಿಗೆ ಕೊಡುವ ಸಲಹೆ ಒಂದೇ: ‘ನಾಲ್ಕು ದಿನ ಊರು ಬಿಡು. ನೆಂಟರ ಮನೆಗೆ ಹೋಗಿರು. ಎಲ್ಲ ತಣ್ಣಗಾದ ಮೇಲೆ ಬಾ.’ ಸ್ವಲ್ಪ ತಿಳಿದವರು ಇನ್ನೊಂದು ಮಾತು ಸೇರಿಸುತ್ತಾರೆ: ‘ಯಾರಾದರೂ ವಕೀಲರನ್ನು ಹಿಡಿದು ನಿರೀಕ್ಷಣಾ ಜಾಮೀನು ತಗೊಂಡುಬಿಡು. ಆಮೇಲೆ ನಿನ್ನನ್ನು ಯಾರೂ ಮುಟ್ಟಂಗಿಲ್ಲ.’ ಎರಡೂ ಪ್ರೀತಿಯಿಂದಲೇ ಬರುವ ಮಾತುಗಳು. ಆದರೆ ಮೊದಲನೆಯದನ್ನು ಪಾಲಿಸಿದರೆ ಎರಡನೆಯದು ಕೈಗೆ ಸಿಗುವುದು ಕಷ್ಟ. ಸಿಕ್ಕರೂ ಅದು ನಾವು ಅಂದುಕೊಂಡಷ್ಟು ದೊಡ್ಡ ಗುರಾಣಿಯೇನಲ್ಲ.

ನಾನು ಓದುತ್ತಿರುವುದು ಬಿ.ಇ., ಕಾನೂನಲ್ಲ. ಆದರೂ ರಾಗಿಗುಡ್ಡದಲ್ಲಿ ಬೆಳೆದವರಿಗೆ ಈ ವಿಷಯ ಪಠ್ಯದ ಹೊರಗಿನದು ಎನಿಸುವುದಿಲ್ಲ. 2023ರ ಅಕ್ಟೋಬರ್ 1ರ ಸಂಜೆ ಈದ್ ಮಿಲಾದ್ ಮೆರವಣಿಗೆಯ ಹೊತ್ತಿನಲ್ಲಿ ಇಲ್ಲಿ ಕಲ್ಲುತೂರಾಟ ನಡೆಯಿತು. ಮನೆಗಳ ಕಿಟಕಿ ಒಡೆದವು, ವಾಹನಗಳು ಜಖಂಗೊಂಡವು, ಸೆಕ್ಷನ್ 144ರ ನಿಷೇಧಾಜ್ಞೆ ಬಂತು. ಒಂದೆರಡು ದಿನಗಳಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಶಾಂತಿನಗರ ಎಂಬ ಹೆಸರನ್ನೂ ಇಟ್ಟುಕೊಂಡ ಬಡಾವಣೆ ಅದು! ಯಾರು ಮೊದಲು ಕಲ್ಲೆಸೆದರು ಎಂಬ ವಾದ ನನ್ನದಲ್ಲ, ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನನ್ನು ಕಾಡಿದ್ದು ಬೇರೆ. ಇಂಥ ಪ್ರಕರಣಗಳ ಎಫ್‌ಐಆರ್‌ಗಳಲ್ಲಿ ಕೆಲವರ ಹೆಸರುಗಳ ಪಕ್ಕದಲ್ಲಿ ‘ಮತ್ತು ಇತರರು’ ಎಂಬ ಎರಡು ಪದ ಇರುತ್ತವೆ. ಆ ‘ಇತರರು’ ಯಾರು ಬೇಕಾದರೂ ಆಗಬಹುದು. ಕಲ್ಲೆಸೆದವನೂ ಇರಬಹುದು, ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಾ ನಿಂತವನೂ ಇರಬಹುದು, ಟ್ಯೂಷನ್ ಮುಗಿಸಿ ಮನೆಗೆ ಹೊರಟವನೂ ಇರಬಹುದು. ಆ ಎರಡು ಪದಗಳಿಗೆ ಹೆದರಿ ಎಷ್ಟು ಮನೆಗಳ ಹುಡುಗರು ರಾತ್ರೋರಾತ್ರಿ ಬಸ್ ಹತ್ತುತ್ತಾರೋ ಲೆಕ್ಕ ಇಟ್ಟವರಿಲ್ಲ.

ಇಷ್ಟಕ್ಕೂ ನಿರೀಕ್ಷಣಾ ಜಾಮೀನು ಅಂದರೇನು? ಜಾಮೀನುರಹಿತ ಅಪರಾಧದ ಆರೋಪದಲ್ಲಿ ತನ್ನನ್ನು ಬಂಧಿಸಬಹುದು ಎಂದು ನಂಬಲು ಕಾರಣ ಇರುವವರು ಮುಂಚಿತವಾಗಿಯೇ ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟ್‌ಗೋ ಅರ್ಜಿ ಹಾಕಬಹುದು. ನ್ಯಾಯಾಲಯ ಒಪ್ಪಿದರೆ, ‘ಈ ವ್ಯಕ್ತಿಯನ್ನು ಬಂಧಿಸಿದ ಪಕ್ಷದಲ್ಲಿ ಜಾಮೀನಿನ ಮೇಲೆ ಬಿಡಿ’ ಎಂದು ಆದೇಶ ಕೊಡುತ್ತದೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 438 ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 482 ಆಗಿದೆ.

‘ಜಾಮೀನುರಹಿತ’ ಎಂಬ ಪದವನ್ನು ಗಮನಿಸಬೇಕು. ಬರೀ ಅಕ್ರಮ ಕೂಟ, ಗಲಭೆ ಎಂಬ ಹಳೆಯ ಐಪಿಸಿಯ 143, 147ನೇ ಸೆಕ್ಷನ್‌ಗಳಷ್ಟೇ ಇದ್ದರೆ ಅವು ಜಾಮೀನು ಸಿಗುವ ಅಪರಾಧಗಳು. ಠಾಣೆಯಲ್ಲೇ ಜಾಮೀನು ಕೊಟ್ಟು ಬರುವುದು ಆರೋಪಿಯ ಹಕ್ಕು, ನಿರೀಕ್ಷಣಾ ಜಾಮೀನಿನ ಮಾತೇ ಬೇಕಿಲ್ಲ. ಆದರೆ ಅದೇ ಎಫ್‌ಐಆರ್‌ಗೆ ಕೊಲೆ ಯತ್ನದ 307 ಸೇರಿತು ಅನ್ನಿ, ಚಿತ್ರ ಪೂರ್ತಿ ಬದಲಾಗುತ್ತದೆ. ಜೊತೆಗೆ 149 ಇದ್ದರೆ, ಗುಂಪಿನ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ್ದಕ್ಕೆ ಗುಂಪಿನಲ್ಲಿದ್ದ ಎಲ್ಲರೂ ಹೊಣೆ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಂಬರುಗಳು ಬೇರೆಯಾಗಿವೆ, ತರ್ಕ ಹಳೆಯದೇ. ಸುಮ್ಮನೆ ನಿಂತು ನೋಡುತ್ತಿದ್ದೆ ಎನ್ನುವ ಹುಡುಗನಿಗೆ ನಿರೀಕ್ಷಣಾ ಜಾಮೀನು ಬೇಕಾಗುವುದು ಇಲ್ಲಿ. ಗುಂಪಿನಲ್ಲಿ ಇವನ ಪಾತ್ರ ಏನು ಎಂದು ಹೇಳುವ ಸಾಮಗ್ರಿ ಇದೆಯೇ, ಇಲ್ಲವೇ ಎಂದು ನ್ಯಾಯಾಧೀಶರು ಮೊದಲ ಬಾರಿಗೆ ಕೇಳುವ ಜಾಗ ಅದು.

ಈ ಸೌಲಭ್ಯ ಬ್ರಿಟಿಷರು ಕೊಟ್ಟಿದ್ದಲ್ಲ, 1898ರ ಸಂಹಿತೆಯಲ್ಲಿ ಇರಲಿಲ್ಲ. 1969ರಲ್ಲಿ ಕಾನೂನು ಆಯೋಗ ತನ್ನ 41ನೇ ವರದಿಯಲ್ಲಿ ಶಿಫಾರಸು ಮಾಡಿತು, 1973ರ ಸಂಹಿತೆಯಲ್ಲಿ ಸೇರಿತು. ಆಯೋಗ ಕೊಟ್ಟ ಕಾರಣ ಓದಿದರೆ ಇವತ್ತಿಗೂ ಸರಿ ಅನ್ನಿಸುತ್ತದೆ: ಪ್ರಭಾವಿಗಳು ತಮ್ಮ ಎದುರಾಳಿಗಳನ್ನು ಸುಳ್ಳು ಪ್ರಕರಣದಲ್ಲಿ ಸಿಕ್ಕಿಸಿ, ನಾಲ್ಕು ದಿನವಾದರೂ ಜೈಲಿನಲ್ಲಿರಿಸಿ ಮಾನ ಕಳೆಯಲು ನೋಡುತ್ತಾರೆ, ಅದಕ್ಕೆ ತಡೆ ಬೇಕು ಎಂಬುದು. ಅಂದರೆ ಪ್ರಭಾವಿಗಳ ಕೈಯಿಂದ ಬಡಪಾಯಿಯನ್ನು ಉಳಿಸಲು ಹುಟ್ಟಿದ ಕಲಮು ಇದು. ಉತ್ತರ ಪ್ರದೇಶ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಇದನ್ನು ತನ್ನ ರಾಜ್ಯದ ಮಟ್ಟಿಗೆ ಕಿತ್ತುಹಾಕಿತು. ಮರಳಿ ತರಲು ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಷ್ಟು ವರ್ಷ ಅಲ್ಲಿನ ಜನ ಬಂಧನದ ಭಯ ಬಂದಾಗಲೆಲ್ಲ ಬೇರೆ ದಾರಿ ಹುಡುಕಿಕೊಂಡು ಹೈಕೋರ್ಟ್‌ಗೆ ಅಲೆಯಬೇಕಾಗಿತ್ತು. ಕರ್ನಾಟಕದಲ್ಲಿ ಹುಟ್ಟಿದ್ದು ಅಷ್ಟರಮಟ್ಟಿಗೆ ನಮ್ಮ ಪುಣ್ಯ.

ಇನ್ನು ಇದರ ಮಿತಿಗಳಿಗೆ ಬರೋಣ.

1980ರಲ್ಲಿ ಗುರುಬಕ್ಷ್ ಸಿಂಗ್ ಸಿಬ್ಬಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಎರಡು ಮಾತನ್ನು ಒಟ್ಟಿಗೆ ಹೇಳಿತು. ಎಫ್‌ಐಆರ್ ದಾಖಲಾಗುವವರೆಗೂ ಕಾಯಬೇಕಿಲ್ಲ, ಭಯಕ್ಕೆ ಸಕಾರಣ ಇದ್ದರೆ ಸಾಕು. ಆದರೆ ‘ನನ್ನ ಮೇಲೆ ಯಾವ ಕೇಸ್ ಬಂದರೂ ಬಂಧಿಸಬೇಡಿ’ ಎಂಬ ಸಾರಾಸಗಟು ಆದೇಶ ಸಿಗುವುದಿಲ್ಲ. ಯಾವ ಘಟನೆ, ಯಾವ ಆರೋಪ ಎಂದು ಬೊಟ್ಟು ಮಾಡಿ ತೋರಿಸಬೇಕು. ಹೀಗಾಗಿ ‘ಏರಿಯಾದಲ್ಲಿ ಪೊಲೀಸರು ಓಡಾಡುತ್ತಿದ್ದಾರೆ, ಯಾಕೋ ಹೆದರಿಕೆ’ ಎಂಬುದು ಅರ್ಜಿಗೆ ಸಾಲದು. ‘ನಮ್ಮ ಬೀದಿಯ ಗಲಭೆಯ ಎಫ್‌ಐಆರ್‌ನಲ್ಲಿ ಇತರರು ಎಂದಿದೆ, ನನ್ನನ್ನು ಹುಡುಕಿಕೊಂಡು ಎರಡು ಸಲ ಮನೆಗೆ ಬಂದಿದ್ದರು’ ಎಂಬುದಕ್ಕೆ ತೂಕ ಇದೆ.

ಮುಂದಿನ ಮಿತಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಿರೀಕ್ಷಣಾ ಜಾಮೀನು ತಡೆಯುವುದು ಜೈಲುವಾಸವನ್ನು ಮಾತ್ರ. ತನಿಖೆಯನ್ನಲ್ಲ, ಕೇಸನ್ನಲ್ಲ, ಆರೋಪಪಟ್ಟಿಯನ್ನಲ್ಲ. ಮನೆಯ ಮೀಟರ್ ಬೋರ್ಡಿನ ಎಂಸಿಬಿ ಇದ್ದ ಹಾಗೆ ಅದು: ಶಾರ್ಟ್ ಆದಾಗ ಮನೆ ಸುಡದ ಹಾಗೆ ನೋಡಿಕೊಳ್ಳುತ್ತದೆ, ಕೆಟ್ಟ ವೈರಿಂಗ್ ಅಲ್ಲೇ ಇರುತ್ತದೆ. ತನಿಖಾಧಿಕಾರಿ ಕರೆದಾಗಲೆಲ್ಲ ಹೋಗಬೇಕು. ಸಾಕ್ಷಿಗಳಿಗೆ ಆಮಿಷ, ಬೆದರಿಕೆ ಒಡ್ಡುವಂತಿಲ್ಲ. ಅನುಮತಿಯಿಲ್ಲದೆ ದೇಶ ಬಿಡುವಂತಿಲ್ಲ. ಆರೋಪಿ ಹೇಳಿದ ಜಾಗದಿಂದ ವಸ್ತು ಜಪ್ತಿ ಮಾಡಬೇಕೆಂದರೆ, ಜಾಮೀನು ಇದ್ದರೂ ಅಷ್ಟರಮಟ್ಟಿಗೆ ಆತ ಪೊಲೀಸರ ವಶದಲ್ಲಿ ಇದ್ದಂತೆಯೇ ಲೆಕ್ಕ. ಷರತ್ತು ಮುರಿದರೆ ಆದೇಶ ರದ್ದಾಗುತ್ತದೆ.

ಸಾಕ್ಷಿಗಳನ್ನು ಬೆದರಿಸಬಾರದು ಎಂಬ ಷರತ್ತನ್ನು ಓದುವಾಗ ನನಗೆ ನಮ್ಮ ಬಡಾವಣೆಯ ಓಣಿಗಳೇ ಕಣ್ಣ ಮುಂದೆ ಬರುತ್ತವೆ. ಇಲ್ಲಿ ಆರೋಪಿಯ ಮನೆ ಒಂದು ಬದಿಗಿದ್ದರೆ, ದೂರು ಕೊಟ್ಟವರ ಮನೆ ಅದರ ಎದುರಿಗೇ ಇರಬಹುದು. ಇಬ್ಬರೂ ಹಾಲು ತರುವುದು ಒಂದೇ ಅಂಗಡಿಯಿಂದ. ಕಿಟಕಿ ಒಡೆಸಿಕೊಂಡ ಮನೆಯ ಹೆಂಗಸು ಬಾಗಿಲು ತೆರೆದಾಗ ಜಾಮೀನಿನ ಮೇಲೆ ಹೊರಗಿರುವ ಹುಡುಗ ಎದುರಿಗೆ ನಿಂತಿದ್ದರೆ, ಅವನು ಬಾಯಿಬಿಟ್ಟು ಏನನ್ನೂ ಹೇಳಬೇಕಿಲ್ಲ, ಆಕೆಗೆ ಸಾಕ್ಷಿ ಹೇಳುವ ಧೈರ್ಯ ಅರ್ಧ ಕುಗ್ಗಿರುತ್ತದೆ. ನಾವು ನಿರೀಕ್ಷಣಾ ಜಾಮೀನಿನ ಬಗ್ಗೆ ಮಾತಾಡುವಾಗ ಯಾವಾಗಲೂ ಆರೋಪಿಯ ಜಾಗದಲ್ಲಿ ನಿಂತು ಮಾತಾಡುತ್ತೇವೆ. ಆ ಹೆಂಗಸಿನ ಜಾಗದಲ್ಲಿ ನಿಂತವರು ಕಡಿಮೆ. ಹಾಗಾಗಿ ನ್ಯಾಯಾಲಯ ಕೆಲವೊಮ್ಮೆ ‘ಇಂಥ ಠಾಣೆಯ ವ್ಯಾಪ್ತಿಗೆ ಕಾಲಿಡಬಾರದು’ ಎಂಬ ಷರತ್ತು ಹಾಕಿದರೆ ಅದು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಅದೇ ಷರತ್ತು ಸೆಮಿಸ್ಟರ್ ಪರೀಕ್ಷೆ ಬರೆಯಬೇಕಾದವನಿಗೆ ಒಂದು ವರ್ಷವನ್ನೇ ನುಂಗಬಹುದು. ಹಾಗಿದ್ದಾಗ ಪರೀಕ್ಷೆಯ ದಿನಗಳಿಗೆ ಸಡಿಲಿಕೆ ಕೊಡಿ ಎಂದು ಅದೇ ನ್ಯಾಯಾಲಯವನ್ನು ಕೇಳಬೇಕು. ಕೇಳದೆ ಷರತ್ತು ಮುರಿದರೆ ಜಾಮೀನೂ ಹೋಗುತ್ತದೆ, ಪರೀಕ್ಷೆಯೂ ಹೋಗುತ್ತದೆ.

ಒಮ್ಮೆ ಸಿಕ್ಕ ಆದೇಶ ಎಷ್ಟು ದಿನ ಇರುತ್ತದೆ ಎಂಬುದು ಬಹಳ ಕಾಲ ಗೊಂದಲವಾಗಿತ್ತು. 1996ರ ಒಂದು ತೀರ್ಪು ಅಲ್ಪಾವಧಿಗೆ ಮಾತ್ರ ಎಂದಿತು. 2010ರ ಡಿಸೆಂಬರ್‌ನಲ್ಲಿ ಸಿದ್ಧಾರಾಮ ಮ್ಹೇತ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಗಡುವು ಹಾಕಬೇಕಿಲ್ಲ ಎಂದಿತು. ಹೆಸರು ಕೇಳಿದರೆ ನಮ್ಮವರೇ ಅನ್ನಿಸುವ ಮ್ಹೇತ್ರೆ, ಕನ್ನಡ ಧಾರಾಳವಾಗಿ ಕೇಳಿಬರುವ ಗಡಿಯಾಚೆಯ ಅಕ್ಕಲಕೋಟೆಯ ರಾಜಕಾರಣಿ. ಕೊನೆಗೆ 2020ರ ಜನವರಿ 29ರಂದು ಸುಶೀಲಾ ಅಗರ್ವಾಲ್ ಪ್ರಕರಣದಲ್ಲಿ ಐವರ ಪೀಠ ಇತ್ಯರ್ಥ ಮಾಡಿತು: ಸಾಮಾನ್ಯವಾಗಿ ಗಡುವು ಬೇಡ, ವಿಚಾರಣೆ ಮುಗಿಯುವವರೆಗೂ ಮುಂದುವರಿಯಬಹುದು, ವಿಶೇಷ ಕಾರಣ ಇದ್ದರೆ ನ್ಯಾಯಾಲಯ ಮಿತಿ ಹಾಕಬಹುದು.

ಕೆಲವು ಕಡೆ ಈ ಬಾಗಿಲು ಮುಚ್ಚಿಯೇ ಇದೆ. ಹದಿನಾರು ವರ್ಷದೊಳಗಿನ ಬಾಲಕಿಯ ಮೇಲಿನ ಅತ್ಯಾಚಾರ, ಹದಿನೆಂಟರೊಳಗಿನವಳ ಮೇಲಿನ ಸಾಮೂಹಿಕ ಅತ್ಯಾಚಾರದ ಆರೋಪಗಳಿಗೆ ಸೆಕ್ಷನ್ 482 ಅನ್ವಯಿಸುವುದಿಲ್ಲ. ಯುಎಪಿಎ ಪ್ರಕರಣಗಳಿಗೂ ಇಲ್ಲ. 2022ರ ಫೆಬ್ರುವರಿಯಲ್ಲಿ ನಮ್ಮ ಶಿವಮೊಗ್ಗ ನಗರದಲ್ಲಿ ನಡೆದ ಕೊಲೆಯೊಂದರ ತನಿಖೆ ಯುಎಪಿಎ ಸೇರಿ ಎನ್‌ಐಎ ಕೈಗೆ ಹೋಗಿದ್ದು ಎಲ್ಲರಿಗೂ ನೆನಪಿದೆ. ಊರಿನ ಗಲಾಟೆಯಂತೆ ಶುರುವಾಗುವ ವಿಷಯಕ್ಕೆ ಯಾವ ಕಾಯ್ದೆ ಸೇರಿಕೊಳ್ಳುತ್ತದೆ ಎಂಬುದು ಮೊದಲ ದಿನ ಗೊತ್ತಾಗುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 18 ಕೂಡ ನಿರೀಕ್ಷಣಾ ಜಾಮೀನನ್ನು ತಡೆಯುತ್ತದೆ. ಹಾಸ್ಟೆಲ್ ಚರ್ಚೆಗಳಲ್ಲಿ ಹೆಚ್ಚು ಬಿಸಿ ಏರುವುದು ಇದರ ಬಗ್ಗೆಯೇ. ‘ಎಲ್ಲರಿಗೂ ಇರುವ ಹಕ್ಕು ಇಲ್ಲಿ ಮಾತ್ರ ಯಾಕಿಲ್ಲ?’ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಮತ್ತೆ ಅದೇ ಓಣಿಯದ್ದು. ಹಳ್ಳಿಯಲ್ಲಿ ದೂರು ಕೊಟ್ಟ ದಲಿತ ಕುಟುಂಬ, ಆರೋಪಿಯ ತೋಟದಲ್ಲೇ ಕೂಲಿ ಮಾಡಬೇಕಾದ ಸ್ಥಿತಿಯಲ್ಲಿ ಇರಬಹುದು. ಆರೋಪಿ ಸಂಜೆಯೊಳಗೆ ಜಾಮೀನಿನ ಆದೇಶ ಹಿಡಿದು ಊರಿಗೆ ಬಂದರೆ ದೂರು ಮರುದಿನ ‘ರಾಜಿ’ ಆಗಿಬಿಡುತ್ತದೆ. ಆ ತಡೆಗೆ ಅರ್ಥ ಇದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿತು, ದೇಶದಾದ್ಯಂತ ಪ್ರತಿಭಟನೆ ನಡೆಯಿತು, ಅದೇ ವರ್ಷ ಸಂಸತ್ತು 18ಎ ಸೇರಿಸಿ ಮತ್ತೆ ಬಿಗಿ ಮಾಡಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೇಲ್ನೋಟಕ್ಕೇ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕಂಡರೆ ನ್ಯಾಯಾಲಯದ ಕೈ ಕಟ್ಟಿಲ್ಲ ಎಂದೂ ಹೇಳಿತು. ಸುಳ್ಳು ಕೇಸಿನ ಭಯ ಇರುವವರಿಗೆ ಅಷ್ಟು ಕಿಂಡಿ ಸಾಕು ಎಂದು ನನ್ನ ಅಭಿಪ್ರಾಯ.

ಕಾನೂನಿನಲ್ಲಿ ಬರೆದಿಟ್ಟ ಮಿತಿಗಳು ಇವು. ಬರೆಯದ ಮಿತಿಯೊಂದನ್ನು ತೋರಿಸಲು ದೂರ ಹೋಗಬೇಕಿಲ್ಲ. ಭದ್ರಾವತಿ ದಾಟಿದರೆ ಪಕ್ಕದಲ್ಲೇ ಚನ್ನಗಿರಿ. 2023ರ ಮಾರ್ಚ್ 2ರಂದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್‌ನ ಟೆಂಡರ್‌ಗೆ ಸಂಬಂಧಿಸಿ 40 ಲಕ್ಷ ರೂಪಾಯಿ ಲಂಚ ಪಡೆಯುತ್ತಿದ್ದ ಆರೋಪದಲ್ಲಿ, ಅಲ್ಲಿನ ಶಾಸಕರಾಗಿದ್ದ ಮಾಡಾಳ್ ವಿರೂಪಾಕ್ಷಪ್ಪ ಅವರ ಮಗನನ್ನು ಲೋಕಾಯುಕ್ತ ಪೊಲೀಸರು ಹಿಡಿದರು. ಮನೆಯಲ್ಲಿ 6 ಕೋಟಿ ರೂಪಾಯಿಗೂ ಹೆಚ್ಚು ನಗದು ಸಿಕ್ಕಿತು. ನಿಗಮದ ಅಧ್ಯಕ್ಷರಾಗಿದ್ದ ಶಾಸಕರು ರಾಜೀನಾಮೆ ಕೊಟ್ಟರು, ಕೆಲವು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಮಾರ್ಚ್ 7ರಂದು ಹೈಕೋರ್ಟ್ ಅವರಿಗೆ ಮಧ್ಯಂತರ ನಿರೀಕ್ಷಣಾ ಜಾಮೀನು ಕೊಟ್ಟಿತು. 48 ಗಂಟೆಯೊಳಗೆ ತನಿಖಾಧಿಕಾರಿಯ ಮುಂದೆ ಹಾಜರಾಗಬೇಕು ಎಂಬುದು ಷರತ್ತುಗಳಲ್ಲಿ ಒಂದು. ಆದೇಶ ಬಂದ ದಿನವೇ ಅವರು ಊರಿನಲ್ಲಿ ಪ್ರತ್ಯಕ್ಷರಾದರು. ತೆರೆದ ವಾಹನ, ಹಾರ, ಜೈಕಾರ, ಮೆರವಣಿಗೆ! ಟಿವಿ ನೋಡಿದ ಯಾರಿಗಾದರೂ ಅದು ಜಾಮೀನೋ ಚುನಾವಣೆ ಗೆಲುವೋ ಎಂಬ ಅನುಮಾನ ಬರುವಂತಿತ್ತು.

ಮೆರವಣಿಗೆಯನ್ನು ನೋಡಿ ನಾವೆಲ್ಲ ನಕ್ಕೆವು, ಬೈದೆವು. ಆದರೆ ಅದಕ್ಕಿಂತ ಮುಖ್ಯ ಎನಿಸಬೇಕಾದದ್ದು ಬೆಂಗಳೂರು ವಕೀಲರ ಸಂಘ ದೇಶದ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರ. ಸಾಮಾನ್ಯರ ನಿರೀಕ್ಷಣಾ ಜಾಮೀನು ಅರ್ಜಿಗಳು ಪಟ್ಟಿಗೆ ಬರಲು ದಿನಗಳು, ವಾರಗಳು ಬೇಕು, ಗಣ್ಯರದ್ದು ರಾತ್ರಿ ಬೆಳಗಾಗುವುದರೊಳಗೆ ಬರುತ್ತದೆ ಎಂಬುದು ಅವರ ಆಕ್ಷೇಪ. ನಿತ್ಯ ಹೈಕೋರ್ಟ್ ಮೆಟ್ಟಿಲು ಹತ್ತುವ ವಕೀಲರೇ ಇದನ್ನು ಬರೆದದ್ದು.

ಆ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾಗುತ್ತದೆ. ಮಾರ್ಚ್ 27ರಂದು ಅದೇ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಅದೇ ದಿನ ತುಮಕೂರಿನ ಬಳಿ ಹೆದ್ದಾರಿಯಲ್ಲಿ ಲೋಕಾಯುಕ್ತ ಪೊಲೀಸರು ಅವರನ್ನು ಬಂಧಿಸಿದರು. ಇಪ್ಪತ್ತು ದಿನಗಳ ಹಿಂದೆ ಹಾಕಿಸಿಕೊಂಡ ಹಾರಕ್ಕೆ ಕಾನೂನಿನಲ್ಲಿ ಬೆಲೆ ಇರಲಿಲ್ಲ. ಬಳಿಕ ಅವರ ಮೇಲಿನ ಪ್ರಕರಣವನ್ನೇ ಹೈಕೋರ್ಟ್ ರದ್ದುಪಡಿಸಿತು. ಅಂದರೆ ಜಾಮೀನು ಸಿಕ್ಕಿದ್ದು ನಿರ್ದೋಷಿ ಎಂಬುದಕ್ಕೆ ಪುರಾವೆ ಆಗಿರಲಿಲ್ಲ, ಜಾಮೀನು ಹೋಗಿದ್ದು ತಪ್ಪಿತಸ್ಥ ಎಂಬುದಕ್ಕೂ ಪುರಾವೆ ಆಗಲಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಬೇಲ್ ಸಿಕ್ತು, ಕೇಸ್ ಖಲಾಸ್’ ಎಂದೋ, ‘ಬೇಲ್ ರಿಜೆಕ್ಟ್, ಕಳ್ಳನೇ’ ಎಂದೋ ತೀರ್ಪು ಕೊಡುವ ಗೆಳೆಯರು ಈ ಒಂದು ಪ್ರಕರಣದ ದಿನಾಂಕಗಳನ್ನು ಸಾಲಾಗಿ ಬರೆದು ನೋಡಬೇಕು.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ. ಶಾಸಕರ ಅರ್ಜಿ ಐದು ದಿನದಲ್ಲಿ ಹೈಕೋರ್ಟ್ ತಲುಪಿತು. ಗಾರೆ ಕೆಲಸದವರ ಮಗ, ಆಟೊ ಓಡಿಸುವವರ ಮಗ ಏನು ಮಾಡುತ್ತಾನೆ? ಶಿವಮೊಗ್ಗದ ಸೆಷನ್ಸ್ ನ್ಯಾಯಾಲಯ ಸಿಟಿ ಬಸ್‌ನಲ್ಲಿ ಹೋಗುವಷ್ಟು ಹತ್ತಿರದಲ್ಲಿದೆ, ಆದರೆ ಅಲ್ಲಿಗೆ ಹೋಗಬಹುದು ಎಂದೇ ಮನೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಫೀಸಿಗೆ ದುಡ್ಡು ಹೊಂದಿಸಬೇಕು. ಸೆಷನ್ಸ್‌ನಲ್ಲಿ ಆಗದಿದ್ದರೆ ಮುಂದಿನದು ಸುಮಾರು 300 ಕಿ.ಮೀ. ದೂರದ ಬೆಂಗಳೂರು. ಹಾಗಾಗಿ ಮೊದಲು ಹೇಳಿದ ಅಗ್ಗದ ದಾರಿ: ಭದ್ರಾವತಿಯಲ್ಲೋ ತರೀಕೆರೆಯಲ್ಲೋ ಇರುವ ಅತ್ತೆಯ ಮನೆ. ಮೊಬೈಲ್ ಸ್ವಿಚ್ ಆಫ್.

ಅಲ್ಲಿಂದ ಎಡವಟ್ಟು ಶುರು. ಪೊಲೀಸರು ಮನೆಗೆ ಬಂದಾಗ ಹುಡುಗ ಇಲ್ಲ. ಎರಡನೇ ಸಲವೂ ಇಲ್ಲ. ಕಡತದಲ್ಲಿ ‘ತಲೆಮರೆಸಿಕೊಂಡಿದ್ದಾನೆ’ ಎಂದು ದಾಖಲಾಗುತ್ತದೆ. ವಾರಂಟ್ ಹೊರಡಬಹುದು. ಅದಕ್ಕೂ ಸಿಗದಿದ್ದರೆ ‘ಇಂಥ ದಿನ ಹಾಜರಾಗು’ ಎಂದು ನ್ಯಾಯಾಲಯ ಉದ್ಘೋಷಣೆ ಹೊರಡಿಸಬಹುದು, ಆಸ್ತಿ ಜಪ್ತಿಗೂ ಆದೇಶಿಸಬಹುದು. ಉದ್ಘೋಷಣೆಗೆ ಓಗೊಡದಿರುವುದು ತಾನೇ ಒಂದು ಪ್ರತ್ಯೇಕ ಅಪರಾಧ. 2012ರ ಲವೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ತಲೆಮರೆಸಿಕೊಂಡು ಉದ್ಘೋಷಿತನಾದವನಿಗೆ ಸಾಮಾನ್ಯವಾಗಿ ನಿರೀಕ್ಷಣಾ ಜಾಮೀನು ಕೊಡುವ ಪ್ರಶ್ನೆಯೇ ಇಲ್ಲ. 2024ರ ಮಾರ್ಚ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಇನ್ನೊಂದು ಭ್ರಮೆಯೂ ಹೋಯಿತು: ಅರ್ಜಿ ಹಾಕಿದ ಮಾತ್ರಕ್ಕೆ ರಕ್ಷಣೆ ಸಿಕ್ಕಂತಲ್ಲ. ಮಧ್ಯಂತರ ಆದೇಶ ಇಲ್ಲದಿದ್ದರೆ ಅರ್ಜಿ ಬಾಕಿ ಇರುವಾಗಲೂ ಬಂಧಿಸಬಹುದು, ಉದ್ಘೋಷಣೆಯ ಕ್ರಮವೂ ನಡೆಯಬಹುದು. ಒಮ್ಮೆ ಆ ಪ್ರಕರಣದಲ್ಲಿ ಬಂಧನವಾಯಿತೆಂದರೆ ‘ನಿರೀಕ್ಷಣೆ’ ಮುಗಿಯಿತು, ಮುಂದೆ ಸಾಮಾನ್ಯ ಜಾಮೀನಿನ ದಾರಿಯೊಂದೇ.

ನಿರಪರಾಧಿಯಾದವನೇ ಓಡಿಹೋದರೆ, ಅವನ ಪಾತ್ರ ಏನೂ ಇಲ್ಲ ಎಂಬ ಒಳ್ಳೆಯ ವಾದವನ್ನು ಅವನ ಗೈರುಹಾಜರಿಯೇ ತಿಂದುಹಾಕುತ್ತದೆ. ಹೆದರಿ ಹೋದದ್ದು ಎಂದು ನಮಗೆ ಗೊತ್ತು. ಕಡತಕ್ಕೆ ಗೊತ್ತಿಲ್ಲ.

ಹಾಗಾದರೆ ತಪ್ಪು ಬರೀ ಹುಡುಗರದ್ದೇ? ಹಾಗೆ ನಾನು ಹೇಳಲಾರೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣವಿಲ್ಲದೆ ಬಂಧಿಸಬಾರದು, ಮೊದಲು ನೋಟಿಸ್ ಕೊಟ್ಟು ಕರೆಯಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಹಳೆಯ 41ಎ ನೋಟಿಸ್ ಈಗ ಹೊಸ ಸಂಹಿತೆಯ 35(3)ರಲ್ಲಿದೆ. ನೋಟಿಸ್‌ಗೆ ಹಾಜರಾಗಿ ಸಹಕರಿಸುವವರನ್ನು ಸಾಮಾನ್ಯವಾಗಿ ಬಂಧಿಸುವಂತಿಲ್ಲ. ಇದನ್ನು ಪ್ರತಿ ಠಾಣೆಯಲ್ಲೂ ಅಕ್ಷರಶಃ ಪಾಲಿಸಿದರೆ ನಿರೀಕ್ಷಣಾ ಜಾಮೀನಿನ ಅರ್ಜಿಗಳಲ್ಲಿ ದೊಡ್ಡ ಪಾಲು ಬೇಕಾಗುವುದೇ ಇಲ್ಲ. ಜನ ಓಡುವುದು ನೋಟಿಸ್‌ಗೆ ಹೆದರಿ ಅಲ್ಲ. ‘ಸುಮ್ಮನೆ ಬಾ, ಮಾತಾಡೋದಿದೆ’ ಎಂಬ ಫೋನ್ ಕರೆಗೆ ಹೆದರಿ. ಲಿಖಿತ ನೋಟಿಸ್ ಕೈಯಲ್ಲಿದ್ದರೆ ದಿನಾಂಕ ಇರುತ್ತದೆ, ಸಹಿ ಇರುತ್ತದೆ, ಅಪ್ಪನಿಗೆ ತೋರಿಸಲು ಒಂದು ಕಾಗದ ಇರುತ್ತದೆ. ಕೊಲೆ ಯತ್ನದಂಥ ಗಂಭೀರ ಸೆಕ್ಷನ್‌ಗಳಿಗೆ ಈ ನೋಟಿಸ್ ರಕ್ಷಣೆ ಸಿಗುವುದಿಲ್ಲ. ಅದಕ್ಕೇ ಎಫ್‌ಐಆರ್‌ಗೆ 307ನ್ನು ಸೇರಿಸುವಾಗ ಅಧಿಕಾರಿಯ ಪೆನ್ನಿನ ಮೇಲೆ ಬಹಳ ಭಾರ ಇರುತ್ತದೆ, ಇರಬೇಕು.

ಕೆಲಸ ಹುಡುಕುತ್ತಿರುವವರಿಗೆ ಎರಡು ವಿಷಯ. ಭದ್ರಾವತಿಯಲ್ಲಿ ಎಂಪಿಎಂ ಮುಚ್ಚಿದ ಮೇಲೆ, ವಿಐಎಸ್‌ಎಲ್ ಕುಂಟುತ್ತಿರುವಾಗ, ನಮ್ಮ ಕಡೆಯ ಹುಡುಗರು ಜನಶತಾಬ್ದಿ ಹತ್ತಿ ಬೆಂಗಳೂರಿಗೆ, ಅಲ್ಲಿಂದ ಪುಣೆ, ಹೈದರಾಬಾದ್, ಚೆನ್ನೈಗೆ ಹೋಗುತ್ತಾರೆ. ಬೇರೆ ರಾಜ್ಯದಲ್ಲಿ ಎಫ್‌ಐಆರ್ ಆದರೆ ಇಲ್ಲಿನ ನ್ಯಾಯಾಲಯ ಏನು ಮಾಡಬಹುದು ಎಂಬ ಪ್ರಶ್ನೆ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ದೂರು ರಾಜಸ್ಥಾನದಲ್ಲಿ, ಜಾಮೀನು ಕೊಟ್ಟದ್ದು ಬೆಂಗಳೂರಿನ ನ್ಯಾಯಾಲಯ. 2023ರ ನವೆಂಬರ್ 20ರಂದು ಬಂದ ತೀರ್ಪಿನ ಸಾರ ಇಷ್ಟು: ಬೇರೆ ರಾಜ್ಯದ ಪ್ರಕರಣಕ್ಕೆ ಇಲ್ಲಿನ ನ್ಯಾಯಾಲಯ ಪೂರ್ಣ ನಿರೀಕ್ಷಣಾ ಜಾಮೀನು ಕೊಡುವಂತಿಲ್ಲ. ತಕ್ಕ ಕಾರಣ ಇದ್ದರೆ, ಅಲ್ಲಿನ ನ್ಯಾಯಾಲಯ ತಲುಪುವಷ್ಟು ಅವಧಿಗೆ ಮಾತ್ರ ತಾತ್ಕಾಲಿಕ ರಕ್ಷಣೆ ಕೊಡಬಹುದು.

ಎರಡನೆಯದು ಅರ್ಜಿ ನಮೂನೆಗಳ ವಿಷಯ. ಸರ್ಕಾರಿ ಕೆಲಸಕ್ಕೆ ಆಯ್ಕೆಯಾದ ಮೇಲೆ ತುಂಬಿಸಿಕೊಳ್ಳುವ ದೃಢೀಕರಣ ನಮೂನೆಯಲ್ಲಿ ‘ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮ್ಮ ಮೇಲೆ ಪ್ರಕರಣ ಬಾಕಿ ಇದೆಯೇ’ ಎಂಬ ಕಾಲಂ ಇರುತ್ತದೆ. ಖಾಸಗಿ ಕಂಪನಿಗಳೂ ಹಿನ್ನೆಲೆ ಪರಿಶೀಲನೆಯಲ್ಲಿ ಕೇಳುತ್ತವೆ. ‘ನಿರೀಕ್ಷಣಾ ಜಾಮೀನು ಸಿಕ್ಕಿತ್ತಲ್ಲ, ಅರೆಸ್ಟೇ ಆಗಿಲ್ಲವಲ್ಲ’ ಎಂದು ಎರಡಕ್ಕೂ ‘ಇಲ್ಲ’ ಎಂದು ಬರೆಯುವವರಿದ್ದಾರೆ. ಮೊದಲ ಪ್ರಶ್ನೆಗೆ ಅದು ಸರಿ ಇರಬಹುದು, ಎರಡನೆಯದಕ್ಕೆ ಅಲ್ಲ. ಪ್ರಕರಣ ಹಾಗೇ ಇದೆ, ಪೊಲೀಸ್ ಪರಿಶೀಲನೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಬಂದೇ ಬರುತ್ತದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೋಜಲನ್ನು ಬಿಡಿಸಿದೆ. ನಿಜ ಬರೆದರೆ ಆರೋಪದ ಸ್ವರೂಪ, ಕ್ಷುಲ್ಲಕವೋ ಗಂಭೀರವೋ ಎಂಬುದನ್ನು ನೋಡಿ ಉದ್ಯೋಗದಾತರು ತೀರ್ಮಾನಿಸಬಹುದು. ಗೊತ್ತಿದ್ದೂ ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ಕೆಲಸ ಕಳೆಯಲು ಕಾರಣವಾಗಬಹುದು. ಘೋಷಣೆ ಕೂಗಿದ್ದಕ್ಕೆ ಆದ ಸಣ್ಣ ಕೇಸಿಗಿಂತ ಅದನ್ನು ಅಡಗಿಸಿದ ಒಂದು ‘ಇಲ್ಲ’ ದುಬಾರಿ ಆಗುತ್ತದೆ.

ಕೊನೆಯದಾಗಿ, ದುಡ್ಡಿಲ್ಲದವರ ದಾರಿ. ಬಂಧನಕ್ಕೆ ಮೊದಲೇ ಉಚಿತ ಕಾನೂನು ನೆರವು ಸಿಗಬೇಕು ಎಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2019ರಲ್ಲೇ ಒಂದು ಕಾರ್ಯವಿಧಾನ ರೂಪಿಸಿದೆ. ಠಾಣೆಗೆ ವಿಚಾರಣೆಗೆಂದು ಕರೆಸಿಕೊಂಡ ಹಂತದಲ್ಲಿಯೇ ವಕೀಲರ ನೆರವು ಕೇಳಬಹುದು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100 ಸಹಾಯವಾಣಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಕಾರ್ಖಾನೆ ಕಾರ್ಮಿಕರು, ಆದಾಯ ಮಿತಿಯೊಳಗಿನವರು ಇದಕ್ಕೆ ಅರ್ಹರು. ನಮ್ಮ ಬಡಾವಣೆಯ ಹೆಚ್ಚಿನ ಮನೆಗಳು ಇವುಗಳಲ್ಲಿ ಒಂದಲ್ಲ ಒಂದರಲ್ಲಿ ಬರುತ್ತವೆ. ಆದರೆ ನಾನು ಕೇಳಿ ನೋಡಿದ ನಾಲ್ಕೈದು ಗೆಳೆಯರಲ್ಲಿ ಈ ನಂಬರು ಗೊತ್ತಿದ್ದವರು ಒಬ್ಬರೂ ಇಲ್ಲ. ಕ್ರಿಕೆಟ್ ಬೆಟ್ಟಿಂಗ್ ಆ್ಯಪ್‌ಗಳ ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ.

ಹಬ್ಬ, ಮೆರವಣಿಗೆಗಳ ಮುನ್ನ ನಮ್ಮಲ್ಲಿ ಶಾಂತಿ ಸಭೆ ನಡೆಯುತ್ತದೆ. ಅಧಿಕಾರಿಗಳು, ಮುಖಂಡರು ವೇದಿಕೆಯಲ್ಲಿ ಕೂರುತ್ತಾರೆ, ಚಹಾ ಬಿಸ್ಕತ್ತು ಆಗುತ್ತದೆ, ಫೋಟೊ ಮರುದಿನ ಪೇಪರಿನಲ್ಲಿ ಬರುತ್ತದೆ. ಆ ವೇದಿಕೆಯಲ್ಲಿ ಒಂದು ಕುರ್ಚಿ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೂ ಇರಲಿ. ಹತ್ತು ನಿಮಿಷ ಅವರು ಮೈಕ್ ಹಿಡಿದು, ನೋಟಿಸ್ ಬಂದರೆ ಏನು ಮಾಡಬೇಕು, ಯಾವ ಕೋರ್ಟಿಗೆ ಹೋಗಬೇಕು, ಅತ್ತೆ ಮನೆಗೆ ಯಾಕೆ ಹೋಗಬಾರದು ಎಂದು ಹೇಳಲಿ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುವ ಹುಡುಗರನ್ನು ಆ ಹತ್ತು ನಿಮಿಷದ ಮಟ್ಟಿಗಾದರೂ ಮುಂದಿನ ಸಾಲಿನಲ್ಲಿ ಕೂರಿಸಲಿ.